ಬೋರ್ಡಿನೊಳಗಿನ ಕೈ

ಅಪ್ಪ ತಾವೂ ಬರುತ್ತೇನೆಂದದ್ದು ಮಧುಸೂದನನಿಗೆ ಹಿಡಿಸಲಿಲ್ಲ. ಅದು ಮುಖದಲ್ಲಿ ಕಾಣಬಾರದೆಂದು ಮೇಜಿನ ಮೇಲೆ ಬಾಗಿ, ಆಗಲೇ ಗಟ್ಟಿಯಾಗಿ ಕೂತಿದ್ದ ಬೆಸುಗೆಯೊಂದನ್ನು ಸೋಲ್ಡರಿಂಗ್ ಐರನ್ನಿನ ತುದಿಯಿಂದ ಸುಮ್ಮನೆ ಮತ್ತೆ ಕರಗಿಸಿದ. ಚಿಕ್ಕಬಳ್ಳಾಪುರದ ಮನೆಯ ತಾರಸಿಯ ಮೇಲೆ ಶೀಟು ಹೊದಿಸಿದ ಈ ಕೋಣೆ ಅವನದು. ವಾರವೆಲ್ಲ ಮುದ್ದೇನಹಳ್ಳಿ ಕಡೆಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ಭಾನುವಾರ ಇಲ್ಲಿ ಬಂದು ಕೂತರೆ, ಊಟಕ್ಕೆ ಹೆಂಡತಿ ರೂಪ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಕೂಗಿ ಸಾಕಾಗಬೇಕು. ಇವತ್ತು ಕೂತು ಸ್ವಲ್ಪ ಹೊತ್ತಿಗೆಲ್ಲ ಗೆಳೆಯ ನರೇಂದ್ರನ ಫೋನು ಬಂದಿತ್ತು. ಅವನ ಅಪ್ಪ ಮುನಿಶಾಮಪ್ಪ ಬೆಳಗಿನ ಜಾವ ತೀರಿಕೊಂಡರಂತೆ, ಮಧ್ಯಾಹ್ನ ತೋಟದಲ್ಲೇ ಮಣ್ಣಂತೆ. ಕಡೆಯಲ್ಲಿ ನರೇಂದ್ರ, ಸೌಂಡಿಗೆಲ್ಲ ವ್ಯವಸ್ಥೆ ಆಗಿದೆ ಎಂದೂ ಹೇಳಿದ್ದ. ಯಾವ ಸೌಂಡು ಎಂದು ಮಧುಸೂದನ ಕೇಳಬಹುದಿತ್ತು, ಕೇಳಲಿಲ್ಲ. ಭಜನೆಯವರ ಮೈಕಿರಬೇಕು ಎಂದುಕೊಂಡ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ರೂಪಳಿಗೆ ಸುದ್ದಿ ಹೇಳುತ್ತಿದ್ದದ್ದು ಕೆಳಗೆ ಪೇಪರು ಓದುತ್ತಿದ್ದ ಅಪ್ಪನ ಕಿವಿಗೆ ಬಿದ್ದಿರಬೇಕು. ಮಂಡಿ ನೋವಿನ ಆ ಮನುಷ್ಯ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದರು.

"ಅವನ ಮುಖ ಒಂದ್ಸಲ ನೋಡ್ಬೇಕು ಕಣಪ್ಪ," ಎಂದರು ವೆಂಕಟರಾಯಪ್ಪ.

ಬಿಸಿಲು ಜೋರಾಗಿದೆ, ಬೈಕಿನಲ್ಲಿ ಅಷ್ಟು ದೂರ ಮಂಡಿಗೆ ಆಗುವುದಿಲ್ಲ ಎಂದು ಮಧುಸೂದನ ಹೇಳಿ ನೋಡಿದ. ಅಪ್ಪ ಕೆಳಗಿಳಿದು ಹೋಗಿ ಬಿಳಿ ಶರಟು ಹಾಕಿಕೊಂಡು, ಹೈಸ್ಕೂಲು ಮೇಷ್ಟರಾಗಿದ್ದ ಕಾಲದ ಹಾಗೆ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕುರ್ಚಿ ಹಾಕಿ ಕೂತುಬಿಟ್ಟರು. ಅಮ್ಮ ಆಂಜಿನಮ್ಮ ಅಡುಗೆಮನೆಯಿಂದ ಒಮ್ಮೆ ಇಣುಕಿ ಗಂಡನನ್ನು ನೋಡಿ ಒಳಗೆ ಹೋದರು.

ಮುನಿಶಾಮಪ್ಪನ ಊರು ಜಂಗಮಕೋಟೆ ದಾಟಿ ಒಳಗೆ ಹೋದರೆ ಸಿಗುತ್ತದೆ. ಅದು ಅಪ್ಪನ ಊರೂ ಹೌದು, ಆದರೆ ಅಪ್ಪನದು ಊರಾಚೆಯ ಕಾಲೊನಿ. ಹಿಂದೆ ಊರಿನಲ್ಲಿ ಯಾರು ಸತ್ತರೂ ಕಾಲೊನಿಯಿಂದ ತಮಟೆ ಹೋಗಬೇಕಿತ್ತು. ಕರೆಯುತ್ತಲೂ ಇರಲಿಲ್ಲ, ಹೇಳಿಕಳಿಸುತ್ತಿದ್ದರಷ್ಟೆ. ಹುಡುಗನಾಗಿದ್ದಾಗ ಅಪ್ಪ ಎಷ್ಟೋ ಹೆಣಗಳ ಮುಂದೆ ತಮಟೆ ಬಡಿದಿದ್ದರು. ಟೀಚರ್ ಟ್ರೇನಿಂಗಿಗೆ ಸೇರಿದ ವರ್ಷ ಅವರೇ ಮುಂದೆ ನಿಂತು, ಇನ್ನು ಸಾವಿಗೆ ಬಡಿಯುವುದಿಲ್ಲ ಎಂದು ಕಾಲೊನಿಯವರಿಂದ ಮಾತು ತೆಗೆದುಕೊಂಡರು. ಆಗ ಊರಿನ ದೊಡ್ಡವನು ಮುನಿಶಾಮಪ್ಪ. ಅವನು ಜಗಳಕ್ಕೆ ಬರಲಿಲ್ಲ, ಬಯ್ಯಲೂ ಇಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಕಾಲೊನಿಯ ಹೆಂಗಸರನ್ನು ಕರೆಯುವುದು ನಿಲ್ಲಿಸಿದ. ಆಮೇಲೆ ಅಪ್ಪನ ತಾಯಿ ಚಿಕ್ಕವೆಂಕಟಮ್ಮ ತೀರಿಕೊಂಡಾಗ, ಕಾಲೊನಿಯ ಮಸಣಕ್ಕೆ ಹೋಗುವ ಹಾದಿ ತನ್ನ ಜಮೀನಿನ ಮೇಲೆ ಬರುತ್ತದೆಂದು ಮುಳ್ಳು ಹಾಕಿಸಿದ. ಹೆಣವನ್ನು ಕೆರೆಯ ಏರಿ ಮೇಲೆ ಸುತ್ತು ಬಳಸಿ ಹೊತ್ತೊಯ್ದರು. ಇದನ್ನು ಅಪ್ಪ ಮಗನಿಗೆ ಹೇಳಿದವರೇ ಅಲ್ಲ. ಅಮ್ಮ ಹೇಳಿದ್ದರು, ರಾಗಿ ಬೀಸಿಸಿಕೊಂಡು ಬರುವ ದಾರಿಯಲ್ಲಿ, ಬೇರೆ ಯಾರದೋ ಕಥೆ ಹೇಳುವ ಹಾಗೆ.

ಅಷ್ಟೆಲ್ಲ ಗೊತ್ತಿದ್ದೂ ಮಧುಸೂದನ ಮುನಿಶಾಮಪ್ಪನ ಮಗನ ಜೊತೆ ಗೆಳೆತನ ಮಾಡಿದ್ದ. ಮಾಡಿದ್ದ ಎನ್ನುವುದಕ್ಕಿಂತ ಅದು ಆಗಿಹೋಗಿತ್ತು. ಕಾಲೇಜಿನಲ್ಲಿ ಒಂದೇ ಬೆಂಚು. ನರೇಂದ್ರನಿಗೆ ಕೀಬೋರ್ಡಿನ ಹುಚ್ಚು, ಇವನಿಗೆ ಕೀಬೋರ್ಡಿನ ಒಳಗೇನಿದೆಯೆಂಬ ಹುಚ್ಚು. ನರೇಂದ್ರ ಈಗ ಶಿಡ್ಲಘಟ್ಟದ ಬ್ಯಾಂಕಿನಲ್ಲಿದ್ದಾನೆ, ಮದುವೆಯ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಾನೆ. ಅವನ ಹತ್ತಿರ ಇರುವುದು ಕಂಟ್ರೋಲರ್, ಅಂದರೆ ತನ್ನದೇ ದನಿಯಿಲ್ಲದ ಕೀಬೋರ್ಡು. ಯಾವ ಕೀ ಒತ್ತಿದರು, ಎಷ್ಟು ಬಲವಾಗಿ ಒತ್ತಿದರು ಎಂದಷ್ಟೇ ಅದು ತಿಳಿಸುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ಹಾಡುತ್ತದೆ, ಇಲ್ಲದಿದ್ದರೆ ಮೂಕ. ಅದರ ಹೊಟ್ಟೆಯ ಕೆಳಗೆ ಒಂದು ಖಾಲಿ ಕಿಂಡಿಯಿದೆ. ಆ ಕಿಂಡಿಗೆ ಸರಿಯಾಗಿ ಕೂರುವ, ಅಂಗೈ ಅಗಲದ ಬೋರ್ಡೊಂದನ್ನು ಮಾಡಿ, ನಮ್ಮ ಕಡೆಯ ವಾದ್ಯಗಳ ದನಿ ತುಂಬುವುದು ಮಧುಸೂದನನ ಆಸೆ. ಬರಿಯ ರೆಕಾರ್ಡಿಂಗ್ ತುಂಬಿದರೆ ಅದು ಗಿಳಿಯ ಮಾತು. ತಮಟೆಯ ಬಳೆಗೆ ಬಿಗಿದ ಚರ್ಮ ಹೇಗೆ ನಡುಗುತ್ತದೆ, ಬೆಂಕಿಗೆ ಹಿಡಿದು ಕಾಯಿಸಿದರೆ ಎಷ್ಟು ಬಿಗಿಯುತ್ತದೆ, ಬಲಗೈಯ ದಪ್ಪ ಕೋಲು ಬಿದ್ದಾಗ ಏನು, ಎಡಗೈಯ ತೆಳು ಕಡ್ಡಿ ಸವರಿದಾಗ ಏನು, ಎಲ್ಲವನ್ನೂ ಅವನು ಲೆಕ್ಕಕ್ಕೆ ಇಳಿಸಿದ್ದ. ಬೋರ್ಡಿನ ಒಂದು ತಿರುಗಣೆಗೆ 'ಕಾವು' ಎಂದೇ ಹೆಸರಿಟ್ಟಿದ್ದ. ಅದನ್ನು ತಿರುಗಿಸಿದರೆ ತಮಟೆ ಆಗತಾನೇ ಬೆಂಕಿಯ ಮುಂದಿನಿಂದ ಎದ್ದು ಬಂದಂತೆ ಸಿಡಿಯುತ್ತಿತ್ತು. ಪುಣೆಯ ಕಡೆಯ ಕೀಬೋರ್ಡ್ ಕಂಪನಿಯೊಂದು ಆಸಕ್ತಿ ತೋರಿಸಿ ಮಾದರಿ ಕಳಿಸಲು ಹೇಳಿತ್ತು. ಚರ್ಮದ ಲೆಕ್ಕವೆಲ್ಲ ಸರಿಯಾಗಿತ್ತು. ಬಡಿತ ಮಾತ್ರ ಬರುತ್ತಿರಲಿಲ್ಲ. ಬಡಿಯುವ ಕೈಯೊಂದು ಬೇಕಾಗಿತ್ತು.

ಅಪ್ಪನನ್ನು ಕೇಳಲು ಅವನಿಗೆ ತಿಂಗಳುಗಳೇ ಹಿಡಿದವು. ಕೇಳಿ ಕೆಲವು ವಾರವಾದ ಮೇಲೆ ಒಂದು ಸಂಜೆ ಅಪ್ಪ ಯಾವುದೋ ಕಲಾತಂಡದವರ ಹತ್ತಿರ ಒಂದು ತಮಟೆ ಇಸಕೊಂಡು ಬಂದರು. ತಾರಸಿಯ ಮೇಲೆ ಹಳೆಯ ಪೇಪರುಗಳನ್ನು ಒಟ್ಟಿ ಬೆಂಕಿ ಮಾಡಿ, ಚರ್ಮ ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಮೈಕಿನ ಮುಂದೆ ನಿಂತು ಬಡಿದರು. ಕಣ್ಣು ಮುಚ್ಚಿಕೊಂಡಿರಲಿಲ್ಲ, ಮೈಮರೆಯಲೂ ಇಲ್ಲ. ಕೊಟ್ಟ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವವರ ಹಾಗೆ, ಮುಖ ಗಂಟಿಕ್ಕಿಕೊಂಡೇ ಬಡಿದರು. ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ಎಡಗೈ ಬೆರಳಿನಿಂದಾಗಿ ತೆಳು ಕಡ್ಡಿ ಪ್ರತಿಸಲವೂ ಒಂದು ಎಳೆ ತಡವಾಗಿ ಬೀಳುತ್ತಿತ್ತು. ಮಧುಸೂದನ ಆ ತಡವನ್ನು ತಿದ್ದಿ ನೋಡಿದ. ತಿದ್ದಿದರೆ ಯಂತ್ರವಾಗುತ್ತಿತ್ತು. ತಿದ್ದದೆ ಹಾಗೇ ಬಿಟ್ಟ. ಪರೀಕ್ಷೆಗೆಂದು ಮೊದಲ ಬೋರ್ಡನ್ನು ನರೇಂದ್ರನಿಗೆ ಕೊಟ್ಟ ದಿನ ಅವನು ಕೇಳಿ ಬೆರಗಾಗಿ, ಯಾರ ಕೈ ಮಾರಾಯ ಇದು ಎಂದು ವಿಚಾರಿಸಿದ. ಕೋಲಾರದ ಕಡೆಯ ಕಲಾವಿದರೊಬ್ಬರದು ಎಂದುಬಿಟ್ಟ ಮಧುಸೂದನ. ಆಗ ಕಾಫಿ ತಂದಿಟ್ಟ ರೂಪ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆ ನೋಟ ಇವತ್ತಿಗೂ ಅವನ ಕುತ್ತಿಗೆಯ ಹಿಂದೆ ಎಲ್ಲೋ ಕೂತಿತ್ತು. ಯಾಕೆ ಹಾಗೆ ಅಂದೆ ಎಂದು ತನ್ನನ್ನು ತಾನೇ ಕೇಳಿಕೊಂಡಾಗಲೆಲ್ಲ, ಅಪ್ಪನ ಮಾನ ಉಳಿಸಲು ಎಂಬ ಉತ್ತರ ತಯಾರಾಗಿ ಬರುತ್ತಿತ್ತು. ಅದರ ಹಿಂದೆ ಇನ್ನೊಂದು ಉತ್ತರ ನಿಂತಿರುವುದು ಗೊತ್ತಿದ್ದೂ ಅದರ ಮುಖ ನೋಡಿರಲಿಲ್ಲ.

ದಾರಿಯುದ್ದಕ್ಕೂ ಅಪ್ಪ ಹಿಂದೆ ಕೂತು ಮಗನ ಭುಜದ ಮೇಲೆ ಒಂದು ಕೈ ಇಟ್ಟಿದ್ದರು. ಆ ಕೈ ಹಳ್ಳ ಬಂದಾಗ ಬಿಗಿಯುತ್ತಿತ್ತು, ಆಮೇಲೆ ಸಡಿಲವಾಗುತ್ತಿತ್ತು. ಜಂಗಮಕೋಟೆಯಲ್ಲಿ ಹೂವಿನ ಹಾರ ಕೊಂಡರು. ಹಿಪ್ಪುನೇರಳೆ ತೋಟಗಳ ನಡುವಿನ ಕಿರಿದಾದ ರಸ್ತೆಗೆ ತಿರುಗಿದಾಗ ದೂರದಿಂದ ತಮಟೆ ಕೇಳಿಸಿತು. ಅಪ್ಪನ ಕೈ ಭುಜದ ಮೇಲೆ ಬಿಗಿಯಿತು.

"ನಿಲ್ಸು," ಎಂದರು.

ಬೈಕು ಆಫ್ ಮಾಡಿದ. ಅದು ತನ್ನ ಬೋರ್ಡಿನದೇ ದನಿ, ಯಾವ ಅನುಮಾನಕ್ಕೂ ಎಡೆಯಿರಲಿಲ್ಲ. ಸ್ಪೀಕರಿನಿಂದ ಬರುತ್ತಿದ್ದರೂ ಸ್ವಚ್ಛವಾಗಿತ್ತು, ಕಾವು ಏರಿದ ಚರ್ಮ, ದಪ್ಪ ಕೋಲಿನ ತೂಕ. ಎಂಥ ಹೊತ್ತಿನಲ್ಲಿ, ಎಂದು ಅವನಿಗೇ ಆಮೇಲೆ ನಾಚಿಕೆಯಾಯಿತು, ಆದರೆ ಅವನಿಗೆ ಮೊದಲು ಹೊಳೆದದ್ದು ದನಿ ಎಷ್ಟು ಚೆನ್ನಾಗಿ ಬಂದಿದೆ ಎಂಬುದೇ. ಬಯಲಿನಲ್ಲಿ ಅದನ್ನು ಅವನು ಕೇಳಿದ್ದು ಇದೇ ಮೊದಲು. ಅಪ್ಪ ಬೈಕಿನಿಂದ ಇಳಿದು ರಸ್ತೆಯಲ್ಲಿ ನಿಂತು, ತಲೆ ಒಂದು ಕಡೆಗೆ ವಾಲಿಸಿ ಕೇಳಿದರು. ಊರಲ್ಲಿ ಈಗ ಬಡಿಯುವವರು ಯಾರೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಎಡಗೈ ಹಿಂದೆ ಬೀಳ್ತಾ ಇದೆ," ಎಂದರು ಅಪ್ಪ. ಅಷ್ಟೇ. ಆಮೇಲೆ ಮತ್ತೆ ಬೈಕು ಹತ್ತಿ, "ನಡಿ" ಎಂದರು.

ನನಗೆ ಗೊತ್ತಿರಲಿಲ್ಲ ಎನ್ನಬೇಕೆಂದುಕೊಂಡ ಮಧುಸೂದನ. ಅದು ಪೂರ್ತಿ ನಿಜವಲ್ಲ ಎನಿಸಿ ಬೈಕು ಸ್ಟಾರ್ಟ್ ಮಾಡಿದ.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಜಗಲಿಯ ಮೇಲೆ ಮುನಿಶಾಮಪ್ಪನನ್ನು ಮಲಗಿಸಿದ್ದರು. ಪಕ್ಕದಲ್ಲಿ ಹೆಂಡತಿ ರಾಮಲಕ್ಷ್ಮಮ್ಮ, ಮಗಳು ಶೋಭಾರಾಣಿ ಕೂತಿದ್ದರು. ಅಂಗಳದಂಚಿಗೆ ಒಂದು ಲಗೇಜ್ ಆಟೋ ನಿಂತಿತ್ತು. ಅದರ ಮೇಲೆ ಎರಡು ಸ್ಪೀಕರು, ಬ್ಯಾಟರಿ, ಸ್ಟ್ಯಾಂಡಿನ ಮೇಲೆ ನರೇಂದ್ರನ ಕೀಬೋರ್ಡು. ಅದರ ಮುಂದೆ ಯಾರೂ ಇರಲಿಲ್ಲ. ಬೋರ್ಡಿನಲ್ಲೇ ಇದ್ದ ತಾಳವನ್ನು ಓಡಿಸಿ ಬಿಟ್ಟಿದ್ದ, ಅದು ತನ್ನಷ್ಟಕ್ಕೆ ಸುತ್ತುತ್ತಿತ್ತು. ಒದ್ದೆ ಪಂಚೆಯ ನರೇಂದ್ರ ಬಂದು ವೆಂಕಟರಾಯಪ್ಪನ ಕೈ ಹಿಡಿದುಕೊಂಡ. ನೀವು ಬರ್ತೀರ ಅಂತ ಅಂದ್ಕೊಂಡಿರಲಿಲ್ಲ ಎಂದ. ಆಮೇಲೆ ಮಧುಸೂದನನ ಕಡೆ ತಿರುಗಿ, ನಮ್ಮಪ್ಪನಿಗೆ ತಮಟೆಯಲ್ಲೇ ಹೋಗಬೇಕೆಂಬ ಆಸೆಯಿತ್ತು, ಕಾಲೊನಿಯವರನ್ನು ಕೇಳಿ ಯಾರ ಮನಸ್ಸೂ ನೋಯಿಸಬಾರದೆಂದು ಹೀಗೆ ಮಾಡಿದೆ, ನಿನ್ನ ಬೋರ್ಡು ನಮ್ಮ ಮಾನ ಕಾಪಾಡಿತು ಎಂದ. ಅವನ ಕಣ್ಣುಗಳು ಕೆಂಪಾಗಿದ್ದವು. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಒಳ್ಳೆಯದೇ ಇತ್ತು, ಅದಕ್ಕೇ ಮಧುಸೂದನ ಬರೀ ತಲೆಯಾಡಿಸಿದ.

ವೆಂಕಟರಾಯಪ್ಪ ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಹಾರ ಹಾಕಿ, ಮುನಿಶಾಮಪ್ಪನ ಮುಖವನ್ನು ಬಹಳ ಹೊತ್ತು ನೋಡಿದರು. ಕೈ ಮುಗಿಯಲಿಲ್ಲ. ರಾಮಲಕ್ಷ್ಮಮ್ಮ ತಲೆಯೆತ್ತಿ ಅವರನ್ನು ಗುರುತು ಹಿಡಿದು ಸೆರಗು ಸರಿಮಾಡಿಕೊಂಡರು. ಅಪ್ಪ ಇಳಿದು ಬಂದು ಅಂಗಳದಾಚೆಯ ಹೊಂಗೆ ಮರದ ಕೆಳಗೆ ನಿಂತರು. ಕುರ್ಚಿ ಕೊಡಲು ಬಂದವರಿಗೆ ಬೇಡವೆಂದರು. ಅಷ್ಟು ಹೊತ್ತೂ ಅವರ ಸ್ವಂತ ಕೈ ಲಗೇಜ್ ಆಟೋದ ಮೇಲಿಂದ ಬಡಿಯುತ್ತಲೇ ಇತ್ತು. ಮಧುಸೂದನನಿಗೆ ಮರದ ಕಡೆ ನೋಡಲಾಗಲಿಲ್ಲ. ಶಾಮಿಯಾನದ ಕೆಳಗೆ ಕೂತಿದ್ದ ಮುದುಕರು ತಮಟೆ ಕೇಳಿ ಮೆಚ್ಚಿ ತಲೆಯಾಡಿಸುವುದನ್ನೂ ನೋಡಲಾಗಲಿಲ್ಲ. ಸ್ಪೀಕರಿನ ವೈರುಗಳನ್ನು ನೋಡುತ್ತ ನಿಂತ. ಕೀಬೋರ್ಡಿನ ಮೇಲೆ ಬಿಸಿಲು ಬೀಳುತ್ತಿದೆ, ಒಳಗೆ ಬೋರ್ಡಿನ ಚಿಪ್ ಕಾಯುತ್ತದೆ ಎಂದು ಹೊಳೆಯಿತು. ಕಾಯಲಿ ಎಂದೂ ಹೊಳೆಯಿತು.

ಚಟ್ಟ ಕಟ್ಟಿ, ಹೆಣವನ್ನು ಅದರ ಮೇಲೆ ಮಲಗಿಸಿ, ಇನ್ನೇನು ಹೆಗಲಿಗೆ ಎತ್ತಬೇಕು ಎನ್ನುವಾಗ ತಾಳ ಸಿಕ್ಕಿಕೊಂಡಿತು. ಎಡಗೈಯ ತೆಳು ಕಡ್ಡಿಯ ಒಂದೇ ಹೊಡೆತ ಬಿಡುವಿಲ್ಲದೆ ಗರಗರನೆ ಶುರುವಾಯಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತಿದ್ದ ನರೇಂದ್ರ ತಿರುಗಿ ನೋಡಿ, "ಮಧು, ಸ್ವಲ್ಪ ನೋಡೋ," ಎಂದ. ಮಧುಸೂದನನ ಕಾಲುಗಳು ತಾವಾಗಿಯೇ ಆಟೋ ಹತ್ತಿದವು. ಸ್ವಿಚ್ ಆರಿಸಿದ. ಕಿಂಡಿಯಿಂದ ಬೋರ್ಡು ಎಳೆದು ನೋಡಿದ. ಬೆರಳು ಇಡಲಾಗದಷ್ಟು ಕಾದಿತ್ತು. ಶರಟಿನ ಚುಂಗಿನಿಂದ ಬೀಸಿ ಆರಿಸಿ ಮತ್ತೆ ಕೂರಿಸಿ ಸ್ವಿಚ್ ಹಾಕಿದ. ಕ್ಲಾಸಿನಲ್ಲಿ ಹುಡುಗರಿಗೆ ಹೇಳುವ ಅದೇ ದನಿಯಲ್ಲಿ, ತಾಳ ಓಡಿಸಿದರೆ ಇದು ಮತ್ತೆ ಕಾದು ನಿಲ್ಲುತ್ತದೆ, ಕೈಯಲ್ಲಿ ಒಂದೊಂದೇ ಹೊಡೆತ ನುಡಿಸಿದರೆ ತಡೆಯುತ್ತದೆ ಎಂದ. ಹೇಳಿ ಮುಗಿದ ಮೇಲೆ ತಾನು ಹೇಳಿದ್ದರ ಅರ್ಥ ಅವನಿಗೆ ಆಯಿತು.

"ಹಂಗಾದ್ರೆ ನೀನೇ ನುಡಿಸೋ," ಎಂದ ನರೇಂದ್ರ. "ತೋಟದವರೆಗೂ. ನಾನು ಮಡಕೆ ಬಿಡೋಹಂಗಿಲ್ಲ."

ನರೇಂದ್ರನ ಸೋದರಮಾವ ಕೋನಪ್ಪ ಚಟ್ಟದ ಒಂದು ಬದಿ ಹಿಡಿದು ನಿಂತಿದ್ದ. ಅವನು ಮಧುಸೂದನನನ್ನು ನೋಡಿ, ಮೆಚ್ಚುಗೆಯಲ್ಲೇ ಎಂಬಂತೆ ಹೇಳಿದ: "ವೆಂಕಟರಾಯಪ್ಪನ ಮಗ ಅಲ್ವೇನಪ್ಪ ನೀನು. ಕೈ ತಾನಾಗೇ ಆಡ್ತದೆ ಬಿಡು."

ಬೋರ್ಡು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಮಧುಸೂದನನ ಬೆರಳು ಒಂದು ಕೀ ಒತ್ತಿಬಿಟ್ಟಿತ್ತು. ದಪ್ಪ ಕೋಲಿನ ಒಂದು ಹೊಡೆತ ಅಂಗಳದ ತುಂಬ ಬಿತ್ತು. ಅದನ್ನೇ ಶುರುವೆಂದುಕೊಂಡು ಹೊರುವವರು ಚಟ್ಟವನ್ನು ಹೆಗಲಿಗೆ ಎತ್ತಿದರು. ಹೆಂಗಸರ ಅಳು ಒಮ್ಮೆಗೇ ಎದ್ದಿತು. ಎಲ್ಲರ ಮುಖ ಆಟೋದ ಕಡೆ ತಿರುಗಿತ್ತು, ಮುಂದಿನ ಹೊಡೆತಕ್ಕೆ. ತನ್ನ ಕೈ ಕೀಬೋರ್ಡಿನ ಮೇಲೆ ಇನ್ನೂ ಇರುವುದು ಮಧುಸೂದನನಿಗೆ ಕಾಣುತ್ತಿತ್ತು: ಗಡಿಯಾರ ಕಟ್ಟಿದ, ಉಗುರು ಕತ್ತರಿಸಿದ, ಕ್ಲಾಸಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಸೂತ್ರ ಬರೆಯುವ ಕೈ. ಇನ್ನೊಂದು ಒತ್ತಿದರೆ ಮುಗಿಯಿತು, ಒತ್ತಿದ್ದು ಗೆಳೆಯನಿಗಾಗಿ, ಸತ್ತವನಿಗಾಗಿ ಅಲ್ಲ ಎಂದುಕೊಳ್ಳಬಹುದಿತ್ತು. ಒತ್ತುವುದೂ ಬಹಳ ಸುಲಭ, ಚರ್ಮವಿಲ್ಲ, ಬೆಂಕಿಯಿಲ್ಲ, ಹೆಗಲಿಗೆ ಪಟ್ಟಿಯಿಲ್ಲ. ಆಗ ಅವನು ಹೊಂಗೆ ಮರದ ಕಡೆ ನೋಡಿದ. ಅಪ್ಪ ಅಲ್ಲಿರಲಿಲ್ಲ. ಆಟೋದ ಪಕ್ಕಕ್ಕೇ ಬಂದು ನಿಂತು, ಮಗನ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದರು. ಬೇಡ ಎನ್ನಲಿಲ್ಲ.

ಮಧುಸೂದನ ಸ್ವಿಚ್ ಆರಿಸಿ ಬೋರ್ಡನ್ನು ಹೊರಕ್ಕೆ ಎಳೆದ.

"ನರೇಂದ್ರ," ಎಂದ. ದನಿ ತಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಇದ್ರಲ್ಲಿ ಬಡೀತಿರೋದು ನಮ್ಮಪ್ಪ. ಕೋಲಾರದೋರು ಯಾರೂ ಇಲ್ಲ. ನಿಂಗೆ ನಾನು ಸುಳ್ಳು ಹೇಳ್ದೆ. ನಮ್ಮಪ್ಪನ ಹೆಸರು ಹೇಳಕ್ಕೆ ನಾಚಿಕೆ ಆಯ್ತು ನಂಗೆ."

ನರೇಂದ್ರ ಮಡಕೆಯನ್ನು ಹಿಡಿದುಕೊಂಡೇ ಇವನನ್ನೊಮ್ಮೆ, ವೆಂಕಟರಾಯಪ್ಪನನ್ನೊಮ್ಮೆ ನೋಡಿದ. ಅವನ ಮುಖದಲ್ಲಿ ಮೊದಲು ಏನೂ ಅರ್ಥವಾಗದ ಭಾವವಿತ್ತು, ಆಮೇಲೆ ಪೆಟ್ಟು ಬಿದ್ದಂಥದ್ದು. ಅಪ್ಪನ ಹೆಣ ಹೆಗಲ ಮೇಲಿರುವಾಗ ಇದನ್ನು ಹೇಳಬೇಕಿತ್ತೇ ಎಂದು ಆ ಮುಖ ಕೇಳುತ್ತಿತ್ತು. ಕೇಳುವುದು ನ್ಯಾಯವೇ ಆಗಿತ್ತು. ಯಾರ ಕೈಯಾದರೇನೀಗ, ಹೊತ್ತವರ ಹೆಗಲು ನೋಯುತ್ತಿದೆ, ಹಾಕಪ್ಪ ಎಂದು ಕೋನಪ್ಪ ಅಸಹನೆಯಿಂದ ಹೇಳಿದ. ಆಗ ವೆಂಕಟರಾಯಪ್ಪ ಬಾಯಿ ತೆರೆದರು, ಮೇಷ್ಟರ ದನಿಯಲ್ಲಿ, ಜೋರಾಗಿಯೂ ಅಲ್ಲದೆ ಮೆಲ್ಲಗೂ ಅಲ್ಲದೆ.

"ನಾನು ಬಡಿದು ಕೊಟ್ಟಿದ್ದು ನನ್ನ ಮಗನಿಗೆ, ಕೋನಪ್ಪ. ಇವನಿಗಲ್ಲ," ಎಂದು ಚಟ್ಟದ ಕಡೆ ನೋಡಿದರು.

ಯಾರೋ ಜಗಳಕ್ಕೆಂಬಂತೆ ಮುಂದೆ ಬರಲು ಹೆಜ್ಜೆ ಎತ್ತಿದರು. ಜಗಲಿಯ ಮೇಲಿಂದ ರಾಮಲಕ್ಷ್ಮಮ್ಮ ಮಾತಾಡಿದರು. "ಪೋನೀ, ಹೋಗ್ಲಿ ಬಿಡ್ರಪ್ಪ. ಸದ್ದಿಲ್ದಂಗೇ ಹೋಗ್ಲಿ. ಇದ್ದಾಗ ಮಾಡಿದ ಸದ್ದೇ ಸಾಕು." ಅವರು ಅದನ್ನು ಗಂಡನಿಗೇ ಹೇಳಿದಂತಿತ್ತು. ಮಗಳು ಶೋಭಾರಾಣಿ ಅಮ್ಮನ ಕೈ ಹಿಡಿದುಕೊಂಡಳು. ನರೇಂದ್ರ ತಲೆ ತಗ್ಗಿಸಿ ಮುಂದೆ ನಡೆದ.

ಹಾಗೆ ಮುನಿಶಾಮಪ್ಪ ತಮಟೆಯಿಲ್ಲದೆ ಹೋದ. ಕಾಲುಗಳ ಸಪ್ಪಳ, ಚಟ್ಟದ ಬಿದಿರಿನ ಕಿರಕಿರ, ಯಾರದೋ ಕೆಮ್ಮು, ಅಷ್ಟೇ. ಇನ್ನು ಹೊರಟುಬಿಡೋಣ ಎಂದು ಮಧುಸೂದನ ಬೈಕಿನ ಕೀಲಿ ತೆಗೆದ. ಅಪ್ಪ ಅವನ ಕಡೆ ನೋಡದೆ ಮೆರವಣಿಗೆಯ ಕೊನೆಯಲ್ಲಿ ನಡೆಯತೊಡಗಿದ್ದರು. ಇವನೂ ಹಿಂಬಾಲಿಸಿದ. ಬಿಸಿ ಬೋರ್ಡು ಶರಟಿನ ಜೇಬಿನಲ್ಲಿ ಎದೆಗೆ ತಾಗುತ್ತಿತ್ತು. ತೋಟದ ಪಕ್ಕದಲ್ಲಿ ಒಂದು ಕಾಲುಹಾದಿ ಬಂತು, ಈಗ ಮುಳ್ಳಿರಲಿಲ್ಲ, ಬದಿಗಳಲ್ಲಿ ಸೊಂಪಾಗಿ ಹಿಪ್ಪುನೇರಳೆ. ಅಪ್ಪ ಅಲ್ಲಿ ಒಂದು ಗಳಿಗೆ ನಿಂತರು. "ಇದೇ ದಾರಿ," ಎಂದರು. ಯಾವ ದಾರಿ ಎಂದು ಮಧುಸೂದನ ಕೇಳಲಿಲ್ಲ. ಅಪ್ಪ ಇಷ್ಟು ವರ್ಷದಲ್ಲಿ ಅದರ ಬಗ್ಗೆ ಅವನಿಗೆ ಹೇಳಿದ ಮೊದಲ ಮಾತು ಅದು. ಮಂಡಿಯ ಮೇಲೆ ಕೈಯೂರಿ, ಅವರು ಆ ಹಾದಿಯಲ್ಲಿ ಗುಂಡಿಯವರೆಗೂ ನಡೆದರು. ಮಣ್ಣು ಹಾಕುವಾಗ ಎಲ್ಲರ ಹಾಗೆ ಒಂದು ಹಿಡಿ ಹಾಕಿ ಕೈ ಕೊಡವಿಕೊಂಡರು. ನರೇಂದ್ರ ಇವರಿಬ್ಬರ ಪಕ್ಕದಲ್ಲೇ ಹಾದುಹೋದ. ಮಧುಸೂದನನ ಕಡೆ ನೋಡಲಿಲ್ಲ. ಮಧುಸೂದನನಿಗೆ ಏನಾದರೂ ಹೇಳಬೇಕೆನಿಸಿ ತುಟಿ ತೆರೆಯುವಷ್ಟರಲ್ಲಿ ಅವನು ದಾಟಿದ್ದ.

ವಾಪಸು ಬರುವಾಗ ಜಂಗಮಕೋಟೆಯಲ್ಲಿ ಟೀ ಕುಡಿಯೋಣವೆಂದು ಅಪ್ಪನೇ ಹೇಳಿದರು. ಅಂಗಡಿಯ ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ, ಆ ಬೋರ್ಡು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿದರು. ಕಂಪನಿಯವರು ಒಪ್ಪಿದರೆ ಎಲ್ಲಿಗೆ ಬೇಕಾದರೂ, ಯಾರು ಕೊಳ್ಳುತ್ತಾರೆ, ಏನಕ್ಕೆ ನುಡಿಸುತ್ತಾರೆ, ಗೊತ್ತಾಗುವುದಿಲ್ಲ ಎಂದ ಮಧುಸೂದನ. ಅಪ್ಪ ಟೀ ಆರಿಸಿ ಆರಿಸಿ ಕುಡಿದರು. ಅವರ ಮುಖದಲ್ಲಿ ಸಿಟ್ಟಿದೆಯೋ ಇಲ್ಲವೋ ಎಂದು ಅವನು ಹುಡುಕಿದ. ದಣಿವು ಬಿಟ್ಟರೆ ಏನೂ ಸಿಗಲಿಲ್ಲ.

"ನಿಮ್ಮ ಕೈ ತೆಗೆದುಬಿಡ್ಲಾ ಅಪ್ಪ ಅದ್ರಿಂದ?" ಎಂದು ಕೊನೆಗೆ ಕೇಳಿದ.

ರೇಷ್ಮೆಗೂಡಿನ ಮೂಟೆ ಹೇರಿಕೊಂಡ ಟೆಂಪೋ ಒಂದು ಧೂಳೆಬ್ಬಿಸಿ ಹೋಯಿತು. "ಬ್ಯಾಡ, ಇರ್ಲಿ," ಎಂದರು ವೆಂಕಟರಾಯಪ್ಪ. "ಗುರುತಿಲ್ಲದೋರ ಸಾವಿಗೆ ಬಡೀಬಹುದು ಕಣಪ್ಪ. ಅದು ಚಾಕರಿ ಅಲ್ಲ."

ಆಗಲೇ ಫೋನು ಅದುರಿತು. ನರೇಂದ್ರನ ಹೆಸರು ನೋಡಿ ಮಧುಸೂದನ ಅದನ್ನು ಕೈಯಲ್ಲೇ ಹಿಡಿದು ಕೂತ. ಬಯ್ಯುತ್ತಾನೆ, ಬಯ್ಯಲಿ, ಇಲ್ಲವೇ ಕ್ಷಮೆ ಕೇಳುತ್ತಾನೆ, ಅದು ಇನ್ನೂ ಕಷ್ಟ. ತೆಗೆದುಕೋ ಎಂಬಂತೆ ಅಪ್ಪ ಗಲ್ಲ ಆಡಿಸಿದರು. ಕಿವಿಗಿಟ್ಟುಕೊಂಡ. ಆ ಕಡೆ ಮೊದಲು ಬಕೆಟ್ಟಿನಿಂದ ನೀರು ಸುರಿಯುವ ಸದ್ದು, ದೂರದಲ್ಲಿ ಹೆಂಗಸರ ಮಾತು.

"ಮಧು," ಎಂದ ನರೇಂದ್ರ ಕಡೆಗೆ. "ನಮ್ಮಪ್ಪ ಹೋಗ್ಬಿಟ್ರು ಕಣೋ."

ಅಷ್ಟು ಹೇಳಿ ಅವನು ಅಳತೊಡಗಿದ. ಬೆಳಗಿನಿಂದ ಈ ಗೆಳೆಯನಿಗೆ ತಾನು ಸಮಾಧಾನದ ಒಂದು ಮಾತನ್ನೂ ಆಡಿರಲಿಲ್ಲವೆಂದು ಮಧುಸೂದನನಿಗೆ ಅನಿಸಿತು. ಹೂಂ ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೂಂ ಎಂದ. ಬೆಂಚಿನಿಂದೆದ್ದು ರಸ್ತೆಯಂಚಿಗೆ ಹೋಗಿ, ಫೋನನ್ನು ಕಿವಿಗೆ ಒತ್ತಿಕೊಂಡು, ಆ ಅಳುವನ್ನು ಕೇಳುತ್ತ ನಿಂತ. ಹಿಂದೆ ವೆಂಕಟರಾಯಪ್ಪ ತಮಗೆ ಇನ್ನೊಂದು ಟೀ ಹೇಳಿದರು.